ಹಳೇ ಆಟೋಮ್ಯಾಟಿಕ್: 2ರಿಂದ 3ಕ್ಕೆ ಹೋಗುವಾಗ ಇಂಜಿನ್ ರೇಸ್ ಆಗುತ್ತೆ, ಗ್ಯಾರೇಜಲ್ಲಿ ಓವರ್‌ಹಾಲ್ ಅಂತಿದ್ದಾರೆ. ಬಿಚ್ಚಿಸಬೇಕಾ?

ಹನುಮಂತನಗರ_ಹ್ಯಾಚ್
ಗಾಡಿ 2010ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 4 ಸ್ಪೀಡ್ ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸೋದು) ಗೇರ್ ಬಾಕ್ಸ್, ಎಸ್‌ಪಿ-3 ಆಯಿಲ್ ಹಾಕೋದು. ಓಡಿರೋದು 96 ಸಾವಿರ ಕಿ.ಮೀ. ಗೇರ್ ಆಯಿಲ್ ಬದಲಾಯಿಸಿದ ದಾಖಲೆ ಸರ್ವಿಸ್ ಬುಕ್ಕಲ್ಲಿ ಎಲ್ಲೂ ಇಲ್ಲ. ತೊಂದರೆ ಹೀಗಿದೆ:

ಬೆಳಿಗ್ಗೆ ಮೊದಲ ಸಲ ಡಿಗೆ ಹಾಕಿದರೆ 2-3 ಸೆಕೆಂಡ್ ಗಾಡಿ ಸುಮ್ಮನಿರುತ್ತೆ, ಆಮೇಲೆ ಧಡ್ ಅಂತ ಹಿಡಿಯುತ್ತೆ. ಬಿಸಿಯಾದ ಮೇಲೆ 2ರಿಂದ 3ಕ್ಕೆ ಹೋಗುವಾಗ ಆರ್‌ಪಿಎಂ ಒಂದು 500-600 ಮೇಲಕ್ಕೆ ಹಾರಿ ಆಮೇಲೆ ಗೇರ್ ಕೂರುತ್ತೆ. ಸಿಲ್ಕ್ ಬೋರ್ಡ್ ಕಡೆ ಗಂಟೆಗಟ್ಟಲೆ ನಿಂತು ನಿಂತು ಹೋದರೆ ಕೆಲವು ಸಲ 3ರಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿ.

ಗ್ಯಾರೇಜಿನವರು ಒಂದು ರೌಂಡ್ ಓಡಿಸಿ ನೋಡಿ "ಬಾಕ್ಸ್ ಹೋಗಿದೆ, ಓವರ್‌ಹಾಲ್ 85 ಸಾವಿರ" ಅಂದ್ರು. ಸ್ಕ್ಯಾನರ್ ಹಾಕಲಿಲ್ಲ, ಆಯಿಲ್ ಮಟ್ಟ ನೋಡೋ ಕಡ್ಡಿ ಕೂಡ ತೆಗೆದು ನೋಡಲಿಲ್ಲ. ಬಲ್ಲವರು ಹೇಳಿ.

ಮಂಡ್ಯ_ಮ್ಯಾನ್ಯುಯಲ್
ಕ್ಲಚ್ ಇರೋ ಗಾಡಿ ತಗೊಳ್ಳಿ ಗುರು, ತಲೆನೋವೇ ಇಲ್ಲ.

ಜೆಸಿರೋಡ್_ಜಾಣ
ಬಂದ್ರಪ್ಪಾ. ಸಿಲ್ಕ್ ಬೋರ್ಡಲ್ಲಿ ಕ್ಲಚ್ ತುಳಿದು ಮಂಡಿ ಹೋದರೆ ಅದರ ಓವರ್‌ಹಾಲ್ ಯಾರು ಮಾಡಿಸ್ತಾರೆ?

ವಾಲ್ವ್‌ಬಾಡಿ
ಕಡ್ಡಿ ನೋಡದೆ ಓವರ್‌ಹಾಲ್ ಅಂದವರ ಹತ್ತಿರ ಗಾಡಿ ಬಿಡಬೇಡಿ. ನೀವು ಹೇಳಿದ ಮೂರೂ ಒಂದೇ ಕಾಯಿಲೆ ಆಗಿರಬೇಕಿಲ್ಲ, ಬೇರೆ ಬೇರೆ ಮಾಡಿ ನೋಡಿ.

ತಣ್ಣಗಿದ್ದಾಗ ಮಾತ್ರ ತಡವಾದರೆ ಒಂದೋ ಆಯಿಲ್ ಕಮ್ಮಿ, ಇಲ್ಲಾ ರಾತ್ರಿ ಪೂರ್ತಿ ನಿಂತಾಗ ಕನ್ವರ್ಟರಲ್ಲಿರೋ ಆಯಿಲ್ ಕೆಳಗಿಳಿದಿದೆ, ಇಲ್ಲಾ ಒಳಗಿನ ರಬ್ಬರ್ ಸೀಲ್ ಗಟ್ಟಿಯಾಗಿದೆ. ತಣ್ಣಗಿನ ಆಯಿಲ್ ಕುಗ್ಗಿರುತ್ತೆ, ಹಾಗಾಗಿ ಮಟ್ಟ ಕಮ್ಮಿ ಇದ್ದರೆ ಪಂಪ್ ಗಾಳಿ ಎಳೆಯೋದು ಬೆಳಗಿನ ಹೊತ್ತೇ ಜಾಸ್ತಿ.

ಬಿಸಿಯಾದಾಗ ಮಾತ್ರ ಬಂದರೆ ಅದು ಬೇರೆ ಕಥೆ. ಆಯಿಲ್ ತೆಳ್ಳಗಾಗಿ ಸವೆದ ಸೀಲ್ ಸಂದಿಯಲ್ಲಿ ಪ್ರೆಶರ್ ಸೋರುತ್ತಿರಬಹುದು, ಅಥವಾ ಸೊಲೆನಾಯ್ಡ್ (ಕರೆಂಟಲ್ಲಿ ಆಯಿಲ್ ದಾರಿ ತೆರೆದು ಮುಚ್ಚೋ ವಾಲ್ವ್) ಕಾಯಿಲ್, ಸ್ಪೀಡ್ ಸೆನ್ಸರ್ ಬಿಸಿಗೆ ಕೈಕೊಡುತ್ತಿರಬಹುದು.

3ರಲ್ಲಿ ಸಿಕ್ಕಿಹಾಕಿಕೊಳ್ಳೋದೊಂದೇ ಬಾಕ್ಸ್ ಹಾಳಾಗಿದೆ ಅನ್ನೋದಕ್ಕೆ ಸಾಕ್ಷಿ ಆಗಲ್ಲ. ಅದು ಫೇಲ್‌ಸೇಫ್. ಕಂಪ್ಯೂಟರಿಗೆ ಏನೋ ಸಿಗ್ನಲ್ ಅನುಮಾನ ಬಂದು ಸೊಲೆನಾಯ್ಡ್ ಕರೆಂಟ್ ಕತ್ತರಿಸಿದೆ, ಈ ಬಾಕ್ಸಲ್ಲಿ ಕರೆಂಟ್ ಹೋದರೆ ತಾನಾಗಿ ಉಳಿಯೋದು 3ನೇ ಗೇರ್. ಆಫ್-ಆನ್ ಮಾಡಿದರೆ ಸರಿಹೋಗುತ್ತೆ ಅಂದರೆ ಮೊದಲು ಕರೆಂಟಿನ ಕಡೆ ಹುಡುಕಿ. ಒಳಗಿನ ಕ್ಲಚ್ ಪ್ಲೇಟ್ ಸುಟ್ಟಿದ್ದರೆ ಕೀ ತಿರುಗಿಸಿದ್ದಕ್ಕೆ ಜಾರಿಕೆ ಹೋಗುತ್ತಾ?

ಕೆಂಪು_ಆಯಿಲ್
ಮೊದಲು ಮಟ್ಟ ನೋಡಿ. ಅರ್ಧ ಬೆಂಗಳೂರು ಇದನ್ನೇ ತಪ್ಪಾಗಿ ನೋಡುತ್ತೆ.

ಹದಿನೈದು-ಇಪ್ಪತ್ತು ನಿಮಿಷ ಓಡಿಸಿ, ಆಯಿಲ್ 70-80 ಡಿಗ್ರಿಗೆ ಬರಲಿ. ಸಮತಟ್ಟಾದ ಜಾಗ ಬೇಕು. ಹನುಮಂತನಗರದಲ್ಲಿ ಅದನ್ನು ಹುಡುಕೋದೇ ಒಂದು ಕೆಲಸ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ, ಇಂಜಿನ್ ಓಡುತ್ತಿರುವಾಗಲೇ ಲಿವರ್ ಅನ್ನು ಪಿ, ಆರ್, ಎನ್, ಡಿ ಎಲ್ಲಾ ಕಡೆ ಒಂದೆರಡು ಸೆಕೆಂಡ್ ನಿಲ್ಲಿಸಿ ವಾಪಸ್ ತನ್ನಿ. ಇಂಜಿನ್ ಆಫ್ ಮಾಡದೆ ಕಡ್ಡಿ ತೆಗೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡಿ. 'ಹಾಟ್' ಗೆರೆಗಳ ನಡುವೆ ಇರಬೇಕು. 'ಕೋಲ್ಡ್' ಗೆರೆ ಬರೀ ಅಂದಾಜಿಗೆ.

ಒಂದು ತೊಟ್ಟು ಬಿಳಿ ಟಿಶ್ಯೂ ಮೇಲೆ ಬಿಡಿ. ಕೆಂಪಾಗಿ ಅಗಲಕ್ಕೆ ಹರಡಿದರೆ ಚಿಂತೆ ಇಲ್ಲ. ಕಂದು ಬಣ್ಣ ಅಂದರೆ ಹಳೇ ಆಯಿಲ್, ಬದಲಾಯಿಸಿ. ನಡುವೆ ಕಪ್ಪು ಚುಕ್ಕೆ ಉಳಿದು ಸುಟ್ಟ ವಾಸನೆ ಬಂದರೆ ಪ್ಲೇಟ್ ಸವೆದಿದೆ. ಗುಲಾಬಿ ಮಿಲ್ಕ್‌ಶೇಕ್ ಥರ ಇದ್ದರೆ ರೇಡಿಯೇಟರ್ ಒಳಗಿನ ಕೂಲರ್ ತೂತಾಗಿ ನೀರು ಸೇರಿದೆ. ಅಂಥ ಗಾಡಿ ಆಮೇಲೆ ಒಂದು ಕಿ.ಮೀ. ಕೂಡ ಓಡಿಸಬೇಡಿ, ನೀರು ಪ್ಲೇಟಿನ ಅಂಟು ಬಿಡಿಸುತ್ತೆ. ಬೋರ್‌ವೆಲ್ ನೀರು ಸುರಿದ ರೇಡಿಯೇಟರ್‌ಗಳಲ್ಲಿ ಇದು ಬೇಗ ಬರುತ್ತೆ.

ಡಿ4_ಮಿಣುಕು
ಇಂಜಿನ್ ಓಡಿಸಿಕೊಂಡು ನೋಡೋದು ತಪ್ಪು. ಹೋಂಡಾದಲ್ಲಿ ಆಫ್ ಮಾಡಿಯೇ ನೋಡಬೇಕು.

ಕೆಂಪು_ಆಯಿಲ್
ಹೋಂಡಾದಲ್ಲಿ ಹೌದು, ಬಿಸಿಯಾದ ಮೇಲೆ ಆಫ್ ಮಾಡಿ 60ರಿಂದ 90 ಸೆಕೆಂಡ್ ಒಳಗೆ ನೋಡಬೇಕು. ಕೇಳಿರೋದು ಎಸ್‌ಪಿ-3 ಗಾಡಿ. ಇದನ್ನು ಆಫ್ ಮಾಡಿ ನೋಡಿದರೆ ಮಟ್ಟ ಜಾಸ್ತಿ ತೋರಿಸುತ್ತೆ, ಕಮ್ಮಿ ಇದ್ದರೂ ಸರಿ ಇದೆ ಅಂದುಕೊಳ್ತೀರಿ. ಗಾಡಿ ಯಾವುದೋ ಪದ್ಧತಿ ಅದರದ್ದು.

ಓಮ್_ಮೀಟರ್
ಸ್ಕ್ಯಾನರ್ ವಿಷಯ. ಆನ್‌ಲೈನಲ್ಲಿ ಸಿಗೋ ಸಣ್ಣ ಬ್ಲೂಟೂತ್ ಡಬ್ಬಿ ಬಹುಪಾಲು ಇಂಜಿನ್ ಕೋಡ್ ಮಾತ್ರ ಓದುತ್ತೆ. ಅದರಲ್ಲಿ ಪಿ0700 ಬಂದರೆ "ಗೇರ್ ಕಂಪ್ಯೂಟರಲ್ಲಿ ಏನೋ ಇದೆ, ಅಲ್ಲಿ ಹೋಗಿ ಕೇಳು" ಅಂತ ಅಷ್ಟೇ. ಟಿಸಿಎಂ (ಅದೇ ಗೇರ್ ಕಂಪ್ಯೂಟರ್) ಒಳಗೆ ಹೋಗೋ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ, ಕೋಡ್ ಅಳಿಸೋ ಮೊದಲು ಫೋಟೋ ತಗೊಳ್ಳಿ.

ಪಿ0705 ಸುತ್ತಮುತ್ತ ಬಂದರೆ ಇನ್‌ಹಿಬಿಟರ್ ಸ್ವಿಚ್, ಅಂದರೆ ಲಿವರ್ ಎಲ್ಲಿದೆ ಅಂತ ಹೇಳೋದು. ಪಿ0715 ಇನ್‌ಪುಟ್ ಸ್ಪೀಡ್ ಸೆನ್ಸರ್, ಪಿ0720 ಔಟ್‌ಪುಟ್. ಪಿ0731ರಿಂದ 0734ರವರೆಗೆ ಆಯಾ ಗೇರಿನ ಅನುಪಾತ ತಾಳೆ ಆಗ್ತಿಲ್ಲ ಅಂತ. ಪಿ0741 ಲಾಕ್‌ಅಪ್ ಕ್ಲಚ್ (ಕನ್ವರ್ಟರನ್ನು ನೇರ ಕಚ್ಚಿಸೋದು) ಹಿಡಿಯುತ್ತಿಲ್ಲ. ಪಿ0750, 0755, 0760 ಶಿಫ್ಟ್ ಸೊಲೆನಾಯ್ಡ್‌ಗಳು.

ಸೊಲೆನಾಯ್ಡ್ ಓಮ್ ಗಾಡಿಗೊಂದು ಥರ. ಟೊಯೋಟಾ ಹಳೇ ಬಾಕ್ಸಿನ ಶಿಫ್ಟ್ ಸೊಲೆನಾಯ್ಡ್ 11-15 ಓಮ್, ಹೋಂಡಾದ್ದು 12-25, ಕೊರಿಯನ್ ಬಾಕ್ಸ್‌ಗಳಲ್ಲಿ 3ರ ಆಸುಪಾಸು. ಒಂದೇ ಬಗೆಯವು ಒಂದಕ್ಕೊಂದು ಹೊಂದಬೇಕು. ತಣ್ಣಗಿದ್ದಾಗ ಅಳೆದು ಬಿಟ್ಟುಬಿಡಬೇಡಿ, ಬಿಸಿಯಾದಾಗಲೂ ಅಳೆಯಿರಿ. ಇನ್ನೊಂದು, ಬ್ಯಾಟರಿ ಟರ್ಮಿನಲ್ ಮತ್ತು ಬಾಕ್ಸಿಂದ ಬಾಡಿಗೆ ಬರೋ ಅರ್ಥ್ ಪಟ್ಟಿ ಉಜ್ಜಿ ಬಿಗಿ ಮಾಡಿ. ದುಡ್ಡಿಲ್ಲದೆ ಆಗೋ ಕೆಲಸ, ಆದರೂ ಯಾರೂ ಮಾಡಲ್ಲ.

ಸಿಗ್ನಲ್_ಸಂಕಟ
ಸಿಗ್ನಲಲ್ಲಿ ಎನ್‌ಗೆ ಹಾಕಬೇಕಾ ಡಿನಲ್ಲೇ ಇಟ್ಟು ಬ್ರೇಕ್ ಒತ್ತಿಕೊಂಡಿರಬೇಕಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಜೆಸಿರೋಡ್_ಜಾಣ
ಡಿನಲ್ಲೇ ಇರಲಿ. ಪ್ರತಿ ಸಲ ಎನ್ ಇಂದ ಡಿಗೆ ತಂದಾಗ ಕ್ಲಚ್ ಪ್ಯಾಕ್ ಹೊಸದಾಗಿ ಹಿಡಿಯಬೇಕು, ಸವೆತ ಅಲ್ಲೇ ಇರೋದು.

ವಾಲ್ವ್‌ಬಾಡಿ
ಅರ್ಧ ಸರಿ. ಡಿನಲ್ಲಿ ನಿಂತರೆ ಕನ್ವರ್ಟರ್ ಒಳಗೆ ಆಯಿಲ್ ಕಡೆದುಕೊಂಡೇ ಇರುತ್ತೆ, ಅದೇ ಬಿಸಿ. ಸುಮಾರು 80 ಡಿಗ್ರಿ ದಾಟಿದ ಮೇಲೆ ಪ್ರತಿ 10-11 ಡಿಗ್ರಿಗೆ ಆಯಿಲಿನ ಆಯಸ್ಸು ಅರ್ಧ ಅನ್ನೋದು ಗ್ಯಾರೇಜುಗಳ ಬಾಯಿಲೆಕ್ಕ. 30-40 ಸೆಕೆಂಡ್ ಆದರೆ ಡಿ. ಎರಡು-ಮೂರು ನಿಮಿಷ ನಿಲ್ಲೋ ಜಂಕ್ಷನ್ ಆದರೆ ಎನ್, ಬ್ರೇಕ್ ಮೇಲೆ ಕಾಲು ಇರಲಿ. ವಾಪಸ್ ಡಿಗೆ ಹಾಕಿದ ಮೇಲೆ ಒಂದು ಸೆಕೆಂಡ್ ಕಾದು ಆಮೇಲೆ ಆಕ್ಸಿಲರೇಟರ್. ಹಿಂದಿನವನು ಹಾರ್ನ್ ಹೊಡೀತಾನೆ, ಹೊಡೀಲಿ.

ಉರುಳುತ್ತಿರುವಾಗ ಎನ್ ಮಾತ್ರ ಯಾವತ್ತೂ ಬೇಡ. ಹೆಬ್ಬಾಳ ಫ್ಲೈಓವರ್ ಇಳಿಜಾರಲ್ಲಿ ಪೆಟ್ರೋಲ್ ಉಳಿಸ್ತೀನಿ ಅಂತ ಎನ್‌ಗೆ ಹಾಕೋರಿದ್ದಾರೆ. ಪೆಟ್ರೋಲೂ ಉಳಿಯಲ್ಲ: ಡಿನಲ್ಲಿ ಕಾಲು ತೆಗೆದರೆ ಇಂಜೆಕ್ಟರ್ ಪೂರ್ತಿ ಬಂದ್ ಆಗುತ್ತೆ, ಎನ್‌ನಲ್ಲಿ ಐಡಲಿಂಗಿಗೆ ಕುಡೀತಾನೇ ಇರುತ್ತೆ.

ಹನುಮಂತನಗರ_ಹ್ಯಾಚ್
ನೋಡಿಸಿದೆ. ಬಿಸಿ ಮಟ್ಟ 'ಹಾಟ್' ಕೆಳಗಿನ ಗೆರೆಗಿಂತ ಬೆರಳಗಲ ಕೆಳಗಿತ್ತು. ಬಣ್ಣ ಕಂದು, ಸುಟ್ಟ ವಾಸನೆ ಇಲ್ಲ, ಚುಕ್ಕೆ ಇಲ್ಲ. ಟಿಸಿಎಂನಲ್ಲಿ ಎರಡು ಕೋಡ್: ಪಿ0715 ಮತ್ತು ಪಿ0733. ಸ್ಕ್ಯಾನ್ ಮಾಡಿದವರು "ಡಿನಲ್ಲಿ ನಿಂತಾಗ ಇನ್‌ಪುಟ್ ಸ್ಪೀಡ್ ಸೊನ್ನೆ ತೋರಿಸ್ತಿದೆ, ಸೆನ್ಸರ್ ಸತ್ತಿದೆ" ಅಂದ್ರು. ಹೊಸ ಸೆನ್ಸರ್ ತರಲಾ?

ಓಮ್_ಮೀಟರ್
ತಡೀರಿ! ಡಿನಲ್ಲಿ ಬ್ರೇಕ್ ಒತ್ತಿ ನಿಂತಾಗ ಸೊನ್ನೆ ಬರಲೇಬೇಕು. ಇನ್‌ಪುಟ್ ಶಾಫ್ಟ್ ಕ್ಲಚ್ ಮೂಲಕ ಚಕ್ರಕ್ಕೆ ಸೇರಿಕೊಂಡು ನಿಂತಿರುತ್ತೆ, ಇಂಜಿನ್ ಮಾತ್ರ ತಿರುಗುತ್ತೆ. ಸೆನ್ಸರ್ ನೋಡೋದು ಹೀಗೆ: ಪಿ ಅಥವಾ ಎನ್‌ನಲ್ಲಿ ನಿಧಾನಕ್ಕೆ 2000ದವರೆಗೆ ಎಬ್ಬಿಸಿ, ಇನ್‌ಪುಟ್ ಅಂಕಿ ಇಂಜಿನ್ ಆರ್‌ಪಿಎಂ ಹಿಂದೆಯೇ ಬರಬೇಕು. ಬಾಕ್ಸ್ ಚೆನ್ನಾಗಿ ಬಿಸಿಯಾದ ಮೇಲೆ ಮಾಡಿ. ಓಡುತ್ತಿರುವಾಗ ಅಂಕಿ ದಿಢೀರ್ ಸೊನ್ನೆಗೆ ಬಿದ್ದು ಎದ್ದರೆ ಸೆನ್ಸರ್ ಅಥವಾ ವೈರಿಂಗ್. ಸೆನ್ಸರ್ ತರೋ ಮೊದಲು ಕನೆಕ್ಟರ್ ಕಳಚಿ ನೋಡಿ. ಒಳಗೆ ಆಯಿಲ್ ಅಥವಾ ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪಿನ್ ಬಿಗಿ ಮಾಡಿ, ಆ ವೈರನ್ನು ಅಲುಗಾಡಿಸಿ ಮತ್ತೆ ನೋಡಿ.

ವಾಲ್ವ್‌ಬಾಡಿ
ಪಿ0733 ನೋಡಿ ಹೆದರಬೇಡಿ. ಅನುಪಾತ ಲೆಕ್ಕ ಹಾಕೋದೇ ಇನ್‌ಪುಟ್ ಮತ್ತು ಔಟ್‌ಪುಟ್ ಸೆನ್ಸರ್ ಅಂಕಿಯಿಂದ. ಇನ್‌ಪುಟ್ ಸುಳ್ಳು ಹೇಳಿದರೆ 3ನೇ ಗೇರ್ ಜಾರುತ್ತಿದೆ ಅಂತ ಕಂಪ್ಯೂಟರ್ ನಂಬುತ್ತೆ. 2-3 ಬದಲಾವಣೆ ಹೊತ್ತಲ್ಲಿ ಅದೇ ಅಂಕಿ ನೋಡಿಕೊಂಡು ಪ್ರೆಶರ್ ಏರಿಸಿ ಇಳಿಸೋದರಿಂದ ನಿಜವಾಗಿಯೂ ರೇಸ್ ಆಗಬಹುದು.

ಪ್ಲೇಟ್ ಗಟ್ಟಿ ಇದೆಯಾ ಅಂತ ಬಿಚ್ಚದೆ ತಿಳಿಯೋದಕ್ಕೆ ಈ ಬಾಕ್ಸಲ್ಲಿ ದಾರಿ ಇದೆ. ಯಾವ ಗೇರಿಗೆ ಯಾರು ಹಿಡೀತಾರೆ ನೋಡಿ: ಯುಡಿ (ಅಂಡರ್‌ಡ್ರೈವ್) ಕ್ಲಚ್ 1, 2, 3ಕ್ಕೆ. ಓಡಿ (ಓವರ್‌ಡ್ರೈವ್) ಕ್ಲಚ್ 3, 4ಕ್ಕೆ. ಸೆಕೆಂಡ್ ಬ್ರೇಕ್ 2, 4ಕ್ಕೆ. ಲೋ-ರಿವರ್ಸ್ ಬ್ರೇಕ್ ನಿಂತಲ್ಲಿಂದ ಹೊರಡೋ 1ಕ್ಕೂ ಆರ್‌ಗೂ. ರಿವರ್ಸ್ ಕ್ಲಚ್ ಆರ್‌ಗೆ ಮಾತ್ರ.

2ರಿಂದ 3ಕ್ಕೆ ಹೋಗೋದು ಅಂದರೆ ಸೆಕೆಂಡ್ ಬ್ರೇಕ್ ಬಿಡಬೇಕು, ಅದೇ ಕ್ಷಣಕ್ಕೆ ಓಡಿ ಹಿಡೀಬೇಕು. ಓಡಿ ಪ್ಲೇಟ್ ಸವೆದಿದ್ದರೆ 4ರಲ್ಲೂ ಜಾರಲೇಬೇಕು. ತುಮಕೂರು ರೋಡಲ್ಲಿ 4ರಲ್ಲಿ ಹೋಗುವಾಗ ಕಿಕ್‌ಡೌನ್ ಆಗದಷ್ಟು (ಕೆಳಗಿನ ಗೇರಿಗೆ ಇಳಿಯದಷ್ಟು) ಆಕ್ಸಿಲರೇಟರ್ ಒತ್ತಿ ನೋಡಿ. ಆರ್‌ಪಿಎಂ ವೇಗದ ಜತೆಯಲ್ಲೇ ಏರಿದರೆ ಓಡಿ ಗಟ್ಟಿ. ಲಾಕ್‌ಅಪ್ ಬಿಟ್ಟಾಗ 200-300 ಹಾರೋದು ಸಹಜ, ಅದನ್ನು ಜಾರಿಕೆ ಅಂತ ಎಣಿಸಬೇಡಿ.

ಕರಿಸ್ಪಾನರ್
ಸ್ಟಾಲ್ ಟೆಸ್ಟ್ ಮಾಡಿಸಿ. ನಾಲ್ಕು ಚಕ್ರಕ್ಕೂ ಕಟ್ಟೆ ಕೊಟ್ಟು, ಹ್ಯಾಂಡ್‌ಬ್ರೇಕ್, ಬ್ರೇಕ್ ಪೂರ್ತಿ, ಡಿನಲ್ಲಿ ಆಕ್ಸಿಲರೇಟರ್ ಪೂರ್ತಿ. 5 ಸೆಕೆಂಡ್ ಮೀರಬಾರದು. ಆಮೇಲೆ ಎನ್‌ಗೆ ಹಾಕಿ ಒಂದು ನಿಮಿಷವಾದರೂ ತಣಿಸಿ ಆರ್‌ನಲ್ಲಿ ಮಾಡಿ. ಮುಂದೆ ಹಿಂದೆ ಯಾರೂ ನಿಲ್ಲಬಾರದು, ಹುಡುಗರನ್ನು ದೂರ ಕಳಿಸಿ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಆರ್‌ಪಿಎಂ 2000-2700 ನಡುವೆ ನಿಲ್ಲುತ್ತೆ, ನಿಖರ ಅಂಕಿ ಮ್ಯಾನ್ಯುಯಲಲ್ಲಿ ನೋಡಿ. ಎರಡರಲ್ಲೂ ಜಾಸ್ತಿ ಬಂದರೆ ಲೈನ್ ಪ್ರೆಶರ್ ಕಮ್ಮಿ, ಅಂದರೆ ಆಯಿಲ್, ಫಿಲ್ಟರ್, ಪಂಪ್. ಡಿನಲ್ಲಿ ಮಾತ್ರ ಜಾಸ್ತಿ ಆದರೆ ಮುಂದಕ್ಕೆ ಎಳೆಯೋ ಕ್ಲಚ್. ಎರಡರಲ್ಲೂ ಕಮ್ಮಿ ಆದರೆ ಇಂಜಿನ್ನೇ ಸೊರಗಿದೆ, ಇಲ್ಲಾ ಕನ್ವರ್ಟರ್ ಸ್ಟೇಟರಿನ ಒನ್-ವೇ ಕ್ಲಚ್ ಹೋಗಿದೆ.

ಕೆಂಪು_ಆಯಿಲ್
ಹದಿನೈದು ವರ್ಷದ ಬಾಕ್ಸಿಗೆ ಸ್ಟಾಲ್ ಟೆಸ್ಟ್ ಯಾಕೆ ಸ್ವಾಮಿ? ಐದು ಸೆಕೆಂಡಲ್ಲಿ ಆಯಿಲ್ ಎಷ್ಟು ಕಾಯುತ್ತೆ ಗೊತ್ತಲ್ವಾ. ಪ್ರೆಶರ್ ಗೇಜ್ ಹಾಕಿದರೆ ಅದೇ ವಿಷಯ ನೋವಿಲ್ಲದೆ ತಿಳಿಯುತ್ತೆ.

ಕರಿಸ್ಪಾನರ್
ಗೇಜ್ ಇಟ್ಟುಕೊಂಡಿರೋ ಗ್ಯಾರೇಜ್ ಎಷ್ಟಿವೆ ಊರಲ್ಲಿ? ಇದ್ದರೆ ಒಳ್ಳೇದು, 20-30 ಬಾರ್‌ನದ್ದೇ ಹಾಕಲಿ. ಆರ್‌ನಲ್ಲಿ ಪ್ರೆಶರ್ ಡಿಗಿಂತ ಜಾಸ್ತಿ ಬರುತ್ತೆ, 10 ಬಾರ್ ಗೇಜ್ ಮುಳ್ಳು ಮುರಿದುಹೋಗುತ್ತೆ. ಸ್ಟಾಲ್ ಬೇಡ ಅನ್ನೋರು ಟೈಮ್ ಲ್ಯಾಗ್ ನೋಡಿ: ಬಿಸಿಯಾದ ಮೇಲೆ ಎನ್ ಇಂದ ಡಿಗೆ ಹಾಕಿ ಜರ್ಕ್ ಬರೋವರೆಗೆ ಎಷ್ಟು ಹೊತ್ತು ಅಂತ. ಟೊಯೋಟಾ ಹಳೇ ಬಾಕ್ಸಿಗೆ 1.2 ಸೆಕೆಂಡ್ ಒಳಗೆ, ಆರ್‌ಗೆ 1.5 ಒಳಗೆ. ಉಳಿದವಕ್ಕೂ ಹೆಚ್ಚುಕಮ್ಮಿ ಇದೇ ಲೆಕ್ಕಕ್ಕೆ ಬರುತ್ತೆ.

ಗುಜರಿ_ಗುರು
ಇಷ್ಟೆಲ್ಲ ಯಾಕೆ, ಶಿವಾಜಿನಗರದಲ್ಲಿ ಬಾಕ್ಸೇ ಸಿಗುತ್ತೆ, ಇಳಿಸಿ ಏರಿಸಿ ಮುಗಿಸಿ.

ವಾಲ್ವ್‌ಬಾಡಿ
ಅದೂ ಇದೇ ವಯಸ್ಸಿನದ್ದು, ಇದೇ ಗಟ್ಟಿ ಸೀಲಿನದ್ದು, ಜತೆಗೆ ಎಷ್ಟು ಓಡಿದೆ ಅಂತ ದೇವರಿಗೇ ಗೊತ್ತು. ತಗೊಳ್ಳೋದೇ ಆದರೆ ಪ್ಯಾನ್ ಬಿಚ್ಚಿಸಿ ಮ್ಯಾಗ್ನೆಟ್ ನೋಡಿ. ಬೂದಿ ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಸಹಜ. ಉಗುರಿಗೆ ಸಿಗೋ ಚೂರು, ಕಪ್ಪು ಪುಡಿ ಇದ್ದರೆ ಬಿಟ್ಟು ಬನ್ನಿ. ಕನ್ವರ್ಟರ್ ಸಮೇತ ತಗೊಳ್ಳಿ. ಏರಿಸುವಾಗ ಕನ್ವರ್ಟರ್ ಪಂಪಿನ ಕಚ್ಚುಗಳಿಗೆ ಪೂರ್ತಿ ಕೂರದೆ ಬೋಲ್ಟ್ ಬಿಗಿ ಮಾಡಿದರೆ ಪಂಪ್ ಅಲ್ಲೇ ಒಡೆಯುತ್ತೆ.

ಹನುಮಂತನಗರ_ಹ್ಯಾಚ್
ಸ್ಟಾಲ್ ಡಿನಲ್ಲಿ 2350, ಆರ್‌ನಲ್ಲಿ 2300. 4ರಲ್ಲಿ ಜಾರಿಕೆ ಇಲ್ಲ. ಸೆನ್ಸರ್ ಕನೆಕ್ಟರ್ ಒಳಗೆ ಆಯಿಲ್ ತುಂಬಿತ್ತು, ಅಲುಗಾಡಿಸಿದರೆ ಅಂಕಿ ಸೊನ್ನೆಗೆ ಬೀಳುತ್ತಿತ್ತು. ಎಡಗಡೆ ಆಕ್ಸಲ್ ಸೀಲ್ ಹತ್ತಿರ ಒದ್ದೆ ಇದೆ, ಮಟ್ಟ ಇಳಿದಿದ್ದು ಅದರಿಂದಲೇ ಇರಬೇಕು. ಈಗ ಆಯಿಲ್ ಫ್ಲಶ್ ಮಾಡಿಸಲಾ, ಬರೀ ಡ್ರೈನ್ ಮಾಡಿಸಲಾ? ಮೆಷಿನ್ ಫ್ಲಶ್ ಮಾಡಿದರೆ ಹಳೇ ಬಾಕ್ಸ್ ಸಾಯುತ್ತೆ ಅಂತಾರಲ್ಲ?

ಕೆಂಪು_ಆಯಿಲ್
ಹೊಸ ಆಯಿಲ್ ಬಾಕ್ಸ್ ಕೊಲ್ಲಲ್ಲ. ಪ್ಲೇಟ್ ಆಗಲೇ ಸುಟ್ಟಿರೋ ಗಾಡಿಯವರು ಕೊನೇ ಗಳಿಗೆಯಲ್ಲಿ ಆಯಿಲ್ ಬದಲಾಯಿಸಿ, ಬಾಕ್ಸ್ ಹೋದಾಗ ಆಯಿಲಿಗೆ ಬೈತಾರೆ. ಆದರೆ ಪ್ರೆಶರ್ ಕೊಟ್ಟು ಮಾಡೋ ಮೆಷಿನ್ ಫ್ಲಶ್ ಬೇಡ ಅನ್ನೋದು ಸರಿ. ಮೂಲೆಯಲ್ಲಿ ಕೂತ ಕಸ ಎದ್ದು ವಾಲ್ವ್ ಬಾಡಿ (ಆಯಿಲ್ ದಾರಿಗಳಿರೋ ಭಾಗ) ಸಂದಿಗೆ ಸೇರುತ್ತೆ.

ನಿಮ್ಮದು ಸುಟ್ಟಿಲ್ಲ, ಡ್ರೈನ್ ಮಾಡಿ ತುಂಬಿಸಿ. ಒಟ್ಟು ಸುಮಾರು 7 ಲೀಟರ್ ಹಿಡಿಯುತ್ತೆ, ಡ್ರೈನ್ ನಟ್ ಬಿಚ್ಚಿದರೆ ಬರೋದು 3 ಲೀಟರ್ ಸುತ್ತ, ಉಳಿದದ್ದು ಕನ್ವರ್ಟರಲ್ಲೇ ಇರುತ್ತೆ. ಒಂದು ಸಲಕ್ಕೆ 43 ಶೇಕಡಾ ಹೊಸದು, ಎರಡನೇ ಸಲಕ್ಕೆ 67, ಮೂರನೇ ಸಲಕ್ಕೆ 81. ನಡುವೆ 300-400 ಕಿ.ಮೀ. ಓಡಿಸಿ. ಅಂದರೆ 9-10 ಲೀಟರ್ ತರಬೇಕು. ಎಷ್ಟು ಇಳಿಯಿತೋ ಅಳತೆ ಪಾತ್ರೆಯಲ್ಲಿ ನೋಡಿ, ಅಷ್ಟನ್ನೇ ಹಾಕಿ. ಮೊದಲನೇ ಸಲ ಮಾತ್ರ ಆಗಲೇ ಇದ್ದ ಕೊರತೆಗೆ ಅರ್ಧ ಲೀಟರ್ ಜಾಸ್ತಿ ಇಟ್ಟುಕೊಂಡು ಕಡ್ಡಿ ನೋಡುತ್ತಾ ಸ್ವಲ್ಪ ಸ್ವಲ್ಪ ತುಂಬಿ. ಜಾಸ್ತಿ ಆದರೆ ಗೇರ್ ಹಲ್ಲು ಕಡೆದು ನೊರೆ ಬರಿಸುತ್ತೆ, ನೊರೆಗೆ ಪ್ರೆಶರ್ ನಿಲ್ಲಲ್ಲ, ಕಮ್ಮಿ ಇದ್ದಾಗ ಬರೋ ತೊಂದರೆಯೇ ಬರುತ್ತೆ.

ಎಸ್‌ಪಿ-3ನೇ ಹಾಕಿ. ಅಂಗಡಿಯವರು "ಎಸ್‌ಪಿ-4 ಹೊಸದು, ಇನ್ನೂ ಒಳ್ಳೇದು" ಅಂತಾರೆ. ಅದು 6 ಸ್ಪೀಡ್ ಬಾಕ್ಸಿನ ತೆಳ್ಳನೆ ಆಯಿಲ್. ಡ್ರೈನ್ ನಟ್ ವಾಷರ್ ಹೊಸದು ಇರಲಿ, ಕೇಸ್ ಅಲ್ಯೂಮಿನಿಯಂ, ಉದ್ದ ಪೈಪ್ ಹಾಕಿ ಬಿಗಿಯಬೇಡಿ.

ಕರಿಸ್ಪಾನರ್
ಆಕ್ಸಲ್ ಸೀಲ್ ಮೊದಲು, ಆಯಿಲ್ ಆಮೇಲೆ. ಆಕ್ಸಲ್ ತೆಗೆದರೆ ಹೇಗೂ ಆಯಿಲ್ ಸುರಿಯುತ್ತೆ, ಮೊದಲ ಡ್ರೈನ್ ಅದರ ಜತೆಗೇ ಮಾಡಿಸಿ. ಹೊಸ ಸೀಲ್ ತುಟಿಗೆ ಎಟಿಎಫ್ (ಇದೇ ಆಟೋಮ್ಯಾಟಿಕ್ ಗೇರ್ ಆಯಿಲ್) ಸವರಿ ಕೂರಿಸಬೇಕು, ಒಣ ಸೀಲ್ ಮೊದಲ ದಿನವೇ ಹರಿಯುತ್ತೆ. ಇಂಜಿನ್ ಮೌಂಟ್ ಕೂಡ ನೋಡಲಿ. ಬೆಳಗಿನ 'ಧಡ್'ನಲ್ಲಿ ಅರ್ಧ ಪಾಲು ಹರಿದ ಮೌಂಟಿನದ್ದೇ ಇರಬಹುದು. ಐಡಲಿಂಗ್ 1000 ಮೇಲಿದ್ದರೂ ಹಾಗೇ ಹೊಡೆಯುತ್ತೆ, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ.

ಓಮ್_ಮೀಟರ್
ಎಲ್ಲಾ ಆದ ಮೇಲೆ ಸ್ಕ್ಯಾನರಲ್ಲಿ ಅಡಾಪ್ಟೇಶನ್ ಅಳಿಸಿ. ಸೆನ್ಸರ್ ಸುಳ್ಳು ಹೇಳ್ತಿದ್ದಾಗ ಕಲಿತ ಪ್ರೆಶರ್ ಲೆಕ್ಕ ಕಂಪ್ಯೂಟರಲ್ಲಿ ಉಳಿದಿರುತ್ತೆ. ಆಮೇಲೆ ಭಾನುವಾರ ಬೆಳಿಗ್ಗೆ ಖಾಲಿ ನೈಸ್ ರೋಡಲ್ಲಿ ಆಕ್ಸಿಲರೇಟರ್ ಅಲುಗಾಡಿಸದೆ ಒಂದೇ ಸಮ ಒತ್ತಿ 1ರಿಂದ 4ರವರೆಗೆ ಹೋಗಿ, ನಿಧಾನಕ್ಕೆ ನಿಲ್ಲಿಸಿ, ನಾಲ್ಕೈದು ಸಲ. ಮೊದಲೆರಡು ಸಲ ಒರಟಾಗಿ ಬೀಳುತ್ತೆ, ಗಾಬರಿ ಬೇಡ.

ಕಪ್ಪು_ಆಲ್ಟಿಸ್
ಸ್ವಲ್ಪ ವಿಷಯಾಂತರ. 2004ರ ಹಳೇ 4 ಸ್ಪೀಡ್ ಸೆಡಾನ್, ಆಯಿಲ್ ಟಿ-4. ಕೋಡ್ ಏನೂ ಇಲ್ಲ, ಎಲ್ಲಾ ಗೇರೂ ತಡವಾಗಿ, ಹೊಡೆದು ಬೀಳುತ್ತೆ.

ವಾಲ್ವ್‌ಬಾಡಿ
ಥ್ರಾಟಲ್ ಬಾಡಿಯಿಂದ ಗೇರ್‌ಬಾಕ್ಸಿಗೆ ಕೇಬಲ್ ಹೋಗಿದೆಯಾ ನೋಡಿ. ಇದ್ದರೆ ಇನ್ನೊಬ್ಬರ ಕೈಲಿ ಆಕ್ಸಿಲರೇಟರ್ ಪೂರ್ತಿ ಒತ್ತಿಸಿ, ಕೇಬಲ್ ಮೇಲಿನ ಸ್ಟಾಪರಿಗೂ ಹೊರಕವಚದ ತುದಿಗೂ ನಡುವೆ 0-1 ಮಿ.ಮೀ. ಇರಬೇಕು. ಬಿಗಿ ಇದ್ದರೆ ತಡ ಮತ್ತು ಒರಟು. ಸಡಿಲ ಇದ್ದರೆ ಬೇಗ ಬದಲಾಗಿ ಮೆತ್ತಗೆ ಜಾರುತ್ತೆ, ಪ್ಲೇಟ್ ಸುಡುತ್ತೆ. ಕೇಬಲ್ಲೇ ಇಲ್ಲದಿದ್ದರೆ ಟಿಪಿಎಸ್ (ಥ್ರಾಟಲ್ ಪೊಸಿಷನ್ ಸೆನ್ಸರ್) ನೋಡಿ.

ಸಿಗ್ನಲ್_ಸಂಕಟ
4ನೇ ಗೇರೇ ಬೀಳದಿದ್ದರೆ?

ಓಮ್_ಮೀಟರ್
ಓಡಿ ಆಫ್ ಬಟನ್ ಒತ್ತಿಬಿಟ್ಟಿದ್ದೀರಾ ಮೊದಲು ನೋಡಿ. ಇಲ್ಲದಿದ್ದರೆ ಥರ್ಮೋಸ್ಟಾಟ್. ತೆರೆದೇ ಸಿಕ್ಕಿಕೊಂಡಿದ್ದರೆ, ಅಥವಾ ಯಾರೋ ಪುಣ್ಯಾತ್ಮ ಕಿತ್ತು ಬಿಸಾಕಿದ್ದರೆ, ಕೂಲೆಂಟ್ ಬಿಸಿಯಾಗಲ್ಲ. ಇಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್ 4ನ್ನೂ ಲಾಕ್‌ಅಪ್‌ನ್ನೂ ಕೊಡಲ್ಲ.

ಮಂಡ್ಯ_ಮ್ಯಾನ್ಯುಯಲ್
ಅಣ್ಣನ ಹತ್ತಿರ ಎಎಂಟಿ ಇದೆ, ಅದಕ್ಕೂ ಇದೇ ಆಯಿಲ್ ಹಾಕಬಹುದಾ?

ಕೆಂಪು_ಆಯಿಲ್
ಅಯ್ಯೋ ಬೇಡ. ಎಎಂಟಿ ಒಳಗೆ ಇರೋದು ನಿಮ್ಮ ಪ್ರೀತಿಯ ಮ್ಯಾನ್ಯುಯಲ್ ಬಾಕ್ಸೇ, ಕ್ಲಚ್ ತುಳಿಯೋಕೆ, ಗೇರ್ ಹಾಕೋಕೆ ಆಕ್ಚುವೇಟರ್ ಇಟ್ಟಿದ್ದಾರೆ ಅಷ್ಟೇ. ಸಿವಿಟಿ (ಬೆಲ್ಟ್-ಪುಲ್ಲಿ ಬಾಕ್ಸ್) ಅದೂ ಬೇರೆ, ಅದಕ್ಕೆ ಎಟಿಎಫ್ ಹಾಕಿದರೆ ಬೆಲ್ಟ್ ಜಾರಿ ಪುಲ್ಲಿ ಗೀರುತ್ತೆ.

ಹನುಮಂತನಗರ_ಹ್ಯಾಚ್
ಸೀಲ್, ಕನೆಕ್ಟರ್, ಮೊದಲ ಡ್ರೈನ್, ಅಡಾಪ್ಟೇಶನ್ ಆಯ್ತು. 2-3 ರೇಸ್ ಇಲ್ಲ, ಕೋಡ್ ವಾಪಸ್ ಬಂದಿಲ್ಲ. ಬೆಳಿಗ್ಗೆ ತಡ ಮಾತ್ರ ಇನ್ನೂ ಒಂದು ಸೆಕೆಂಡಿನಷ್ಟು ಇದೆ.

ವಾಲ್ವ್‌ಬಾಡಿ
ಅಷ್ಟು ಉಳಿಯುತ್ತೆ, ಅದು ಸೀಲ್ ವಯಸ್ಸು. ಸ್ಟಾರ್ಟ್ ಮಾಡಿ ಪಿನಲ್ಲಿ ಹದಿನೈದು-ಇಪ್ಪತ್ತು ಸೆಕೆಂಡ್ ಬಿಡಿ, ಕನ್ವರ್ಟರ್ ತುಂಬಿಕೊಳ್ಳಲಿ. ಹಿಡಿಯೋ ಮೊದಲು ಆಕ್ಸಿಲರೇಟರ್ ಮುಟ್ಟಬೇಡಿ. ಇನ್ನೆರಡು ಡ್ರೈನ್ ಆದ ಮೇಲೂ ತಡ 2 ಸೆಕೆಂಡಿಗೆ ಏರಿದರೆ ಆಗ ಗೇಜ್ ಹಾಕಿಸಿ ನೋಡೋಣ.

ಕರಿಸ್ಪಾನರ್
ಎಲ್ಲಾದರೂ ಕೈಕೊಟ್ಟರೆ ಮುಂದಿನ ಚಕ್ರ ನೆಲದ ಮೇಲಿಟ್ಟು ಎಳೆಸಬೇಡಿ. ಇಂಜಿನ್ ನಿಂತರೆ ಪಂಪ್ ನಿಂತಿತು, ಒಳಗೆ ಆಯಿಲ್ ಓಡಲ್ಲ. ಮುಂದಿನ ಚಕ್ರ ಎತ್ತಿಸಿ, ಇಲ್ಲಾ ಫ್ಲಾಟ್‌ಬೆಡ್ ಕರೆಸಿ.

ಜೆಸಿರೋಡ್_ಜಾಣ
85 ಸಾವಿರದ ಗ್ಯಾರೇಜ್‌ಗೆ ಬಿಲ್ ತೋರಿಸ್ರಿ ಸಾರ್ 😄

ಹನುಮಂತನಗರ_ಹ್ಯಾಚ್
ಇನ್ನೂ 6 ಲೀಟರ್ ಎಸ್‌ಪಿ-3 ಬೇಕು. ಜೆಸಿ ರೋಡಲ್ಲಿ ಸೀಲ್ ಒಡೆಯದ ಡಬ್ಬ ಯಾವ ಕಡೆ ಸಿಗುತ್ತೆ ಅಂತ ಅದರ ಬದಲು ಹೇಳಿ, ಬಿಡಿಯಾಗಿ ಅಳೆದು ಕೊಡೋರೇ ಕಾಣ್ತಿದ್ದಾರೆ.